ಅವಳ ಕಾರ್ಬನ್ ಸೈಕಲ್ಲು

ಆ ಸೈಕಲ್ಲನ್ನು ಮೊದಲ ಸಲ ನೋಡಿದಾಗ ನನ್ನ ಬಾಯಿಂದ ಹೊರಟ ಮಾತು “ಚೆನ್ನಾಗಿದೆ” ಎಂಬುದಲ್ಲ. “ಇದು ಕಲ್ಲಿಗೆ ತಗುಲಿದರೆ ಸೀಳಿಹೋಗುತ್ತೆ, ಗೊತ್ತಾ ನಿಂಗೆ?” ಎಂದೆ. ಅವಳು ಇನ್ನೂ ರಜಾಯಿಯನ್ನು ಪೂರ್ತಿ ಬಿಚ್ಚಿರಲಿಲ್ಲ. ಮೈಸೂರಿನಿಂದ ಟೆಂಪೋದಲ್ಲಿ ಹಲಗೆಗಳ ಮೇಲೆ ಮಲಗಿಸಿ ತಂದಿದ್ದರು. ಗೀರು ಬೀಳಬಾರದೆಂದು ಅವಳ ಗಂಡ ಬೆಳಿಗ್ಗೆ ಹೊರಡುವಾಗಲೇ, ಯಾಕೆಂದು ಹೇಳದೆ, ಮನೆಯ ರಜಾಯಿಯೊಂದನ್ನು ಮಡಿಸಿ ಟೆಂಪೋದೊಳಗೆ ಹಾಕಿಕೊಂಡಿದ್ದರಂತೆ. ನನಗೆ ಸೈಕಲ್ಲಿಗಿಂತ ಮೊದಲು ಚುಚ್ಚಿದ್ದು ಆ ರಜಾಯಿ.

ನಾನು ಹಾರನಹಳ್ಳಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣದ ಟೀಚರು. ಮನೆ ಹುಣಸೂರಿನಲ್ಲಿ. ವಾರವೆಲ್ಲ ಬಸ್ಸಿನಲ್ಲಿ ಓಡಾಟ, ಭಾನುವಾರ ಸೈಕಲ್ಲು. ನನ್ನ ಗಂಡ ನನ್ನ ಸೈಕಲ್ಲಿಗೆ ಎಂದೂ ಅಡ್ಡಿ ಮಾಡಿದವರಲ್ಲ. ಅದರ ಕಡೆ ನೋಡಿದವರೂ ಅಲ್ಲ. ಅದು ಕೆಂಪೋ ನೀಲಿಯೋ ಎಂದು ಕೇಳಿದರೆ ಅವರು ಇವತ್ತಿಗೂ ಒಂದು ಕ್ಷಣ ಯೋಚಿಸಬೇಕು.

ಅವಳು ನಮ್ಮ ಬೀದಿಯ ಆಚೆ ತಿರುವಿನಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡವಳು. ಶಾಲೆಯ ಕಬಡ್ಡಿ ತಂಡಕ್ಕೆ ಚಡ್ಡಿ, ಬನಿಯನ್ನು ಹೊಲಿಸಲು ಹೋದಾಗ ಪರಿಚಯವಾಯಿತು. ಅವಳ ಗಂಡ ಮರಗೆಲಸದವರು. ಅಂಗಡಿಯ ಹಿಂದೆಯೇ ಅವರ ಕಾರ್ಖಾನೆ, ಅದರ ಹಿಂದೆ ಮನೆ. ಅಳತೆ ಬರೆದುಕೊಳ್ಳುತ್ತಾ ಅವಳು ತಲೆ ಎತ್ತದೆ ಕೇಳಿದ್ದಳು: “ಮೇಡಂ, ಮೂವತ್ನಾಲ್ಕ್ ವರ್ಷದೋರ್ಗೆ ಸೈಕಲ್ ಬತ್ತದಾ? ನಮ್ ಅಣ್ಣಂದ್ರಿಗೆಲ್ಲಾ ಕಲಿಸುದ್ರು. ನನ್ನ ಯಾರೂ ಕೇಳ್ಲೇ ಇಲ್ಲ.”

ನಾನೇ ಕಲಿಸಿದೆ. ಆರು ಭಾನುವಾರ, ಕಾಲೇಜು ಮೈದಾನದಲ್ಲಿ, ಬೆಳಿಗ್ಗೆ ಆರೂವರೆಗೆ. ತಲೆಯ ಬಟ್ಟೆಯನ್ನು ಬಿಗಿದು ಕಟ್ಟಿ ಅದರ ಮೇಲೆ ಹೆಲ್ಮೆಟ್ ಇಡುತ್ತಿದ್ದಳು. ಬಿದ್ದರೆ ಮೊದಲು ನಗುತ್ತಿದ್ದಳು, ಆಮೇಲೆ ಮಂಡಿ ನೋಡಿಕೊಳ್ಳುತ್ತಿದ್ದಳು. ಐದನೇ ವಾರ ನಾನು ಹಿಂದಿನಿಂದ ಸೀಟು ಬಿಟ್ಟಿದ್ದು ಗೊತ್ತಾಗದೆ ಅರ್ಧ ಮೈದಾನ ಸುತ್ತಿ, ಗೊತ್ತಾದ ಕೂಡಲೇ “ಯಾ ಅಲ್ಲಾ!” ಎಂದು ಕೂಗಿ ಬೇಲಿಗೆ ನುಗ್ಗಿದಳು. ಆವತ್ತಿನಿಂದ ನಾನು ಅವಳಿಗೆ ಮೇಡಂ ಅಲ್ಲ, ಅಕ್ಕ.

ಮೊದಲ ವರ್ಷ ಅವಳದು ಹಳೆಯ ಸ್ಟೀಲಿನ ಸೈಕಲ್ಲು. ಕುದುರೆಯಷ್ಟು ಭಾರ. ಏರಿನಲ್ಲಿ ನಾನು ನಿಂತು, ಹಿಂತಿರುಗಿ ನೋಡಿ, ಅವಳು ಬರುವವರೆಗೆ ಕಾಯಬೇಕಾಗುತ್ತಿತ್ತು. ಆಗ ಕಾಯುವುದು ನನಗೆ ಎಷ್ಟು ಹಿತವಾಗಿತ್ತು ಎಂಬುದು ನನಗೆ ಗೊತ್ತಿರಲಿಲ್ಲ.

ನನ್ನದು ಅಲ್ಯೂಮಿನಿಯಂ ಚೌಕಟ್ಟಿನ ಮೌಂಟನ್ ಬೈಕು. ಹಗುರ, ಗಟ್ಟಿ. ಆದರೆ ನಮ್ಮ ಕಡೆಯ ರಸ್ತೆಗಳನ್ನು ನೋಡಿದವರಿಗೆ ಗೊತ್ತು. ಪಿರಿಯಾಪಟ್ಟಣದಿಂದ ಒಳಗೆ ಹೊಕ್ಕರೆ ಹೊಗೆಸೊಪ್ಪಿನ ಹೊಲಗಳ ನಡುವಿನ ಮಣ್ಣುದಾರಿಗಳು ಟ್ರಾಕ್ಟರ್ ಓಡಾಡಿ ಓಡಾಡಿ ಅಲೆಅಲೆಯಾಗಿ, ಬಟ್ಟೆ ಒಗೆಯುವ ಹಲಗೆಯ ಹಾಗೆ ಆಗಿರುತ್ತವೆ. ಅಂಥ ದಾರಿಯಲ್ಲಿ ಒಂದು ಗಂಟೆ ಹೋದರೆ ಹ್ಯಾಂಡಲ್ಲಿನ ನಡುಕ ಅಂಗೈಗೆ, ಅಂಗೈಯಿಂದ ಮೊಣಕೈಗೆ, ಅಲ್ಲಿಂದ ಹಲ್ಲಿಗೆ ಬರುತ್ತದೆ. ನನ್ನ ಎರಡೂ ಕೈಗಳ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯತೊಡಗಿದ್ದವು. ಸೋಮವಾರ ಹಾಜರಿ ಬರೆಯುವಾಗ ಪೆನ್ನು ಜಾರುತ್ತಿತ್ತು. ಒಂದು ಸಲ ಪ್ರಾರ್ಥನೆಯ ಹೊತ್ತಿಗೆ ಸೀಟಿ ಕೈಯಿಂದ ಬಿದ್ದು, ಮಕ್ಕಳು ನಕ್ಕರು.

ಅಂಥ ಹೊತ್ತಿನಲ್ಲಿ ಅವಳ ಮನೆಗೆ ಕಾರ್ಬನ್ ಸೈಕಲ್ಲು ಬಂತು. ಮೈಸೂರಿನಲ್ಲಿ ಒಬ್ಬ ಡಾಕ್ಟರ ಮನೆಗೆ ಅವಳ ಗಂಡ ಮರದ ಕೆಲಸ ಮಾಡಿದ್ದರು. ಬೆನ್ನು ನೋವಿನಿಂದ ಡಾಕ್ಟರು ಸವಾರಿ ಬಿಟ್ಟಿದ್ದರಂತೆ. ಗೋಡೆಗೆ ನೇತುಹಾಕಿದ್ದ ಸೈಕಲ್ಲನ್ನು ಇವರು ಕೇಳಿ ತಂದರು. ಹೊಳಪಿಲ್ಲದ ಕಪ್ಪು ಬಣ್ಣ. ಎಲ್ಲಿಯೂ ಬೆಸುಗೆಯ ಗುರುತಿಲ್ಲ, ಒಂದು ಕೊಳವೆ ಇನ್ನೊಂದರೊಳಕ್ಕೆ ಹರಿದುಹೋದ ಹಾಗೆ.

ಅದು ಸೀಳಿಹೋಗುತ್ತದೆ ಎಂದು ನಾನು ಅಂದದ್ದನ್ನು ಅವಳ ಗಂಡ ಕೇಳಿಸಿಕೊಂಡರು. ಕೋಪ ಮಾಡಿಕೊಳ್ಳಲಿಲ್ಲ. ಮೂರು ಸೈಕಲ್ಲುಗಳನ್ನೂ ಸಾಲಾಗಿ ಗೋಡೆಗೆ ಒರಗಿಸಿ, ಬೆರಳ ಗೆಣ್ಣಿನಿಂದ ಒಂದೊಂದನ್ನೇ ತಟ್ಟಿದರು. ಸ್ಟೀಲು ಗಂಟೆಯ ಹಾಗೆ ಸ್ವಲ್ಪ ಹೊತ್ತು ಗುಂಯ್‌ಗುಟ್ಟಿತು. ನನ್ನ ಅಲ್ಯೂಮಿನಿಯಂ ‘ಟಣ್’ ಎಂದು ಚುರುಕಾಗಿ ಕೂಗಿತು. ಕಾರ್ಬನ್ನು ‘ದಬ್’ ಎಂದು, ಅಷ್ಟಕ್ಕೇ ಸುಮ್ಮನಾಯಿತು.

“ನೋಡಿ ಮೇಡಂ, ಬಾಚಿಗೆ ಯಾಕ್ ಮರದ್ ಹಿಡಿ ಆಕ್ತೀವಿ ಏಳಿ? ಕಬ್ಬುಣದ್ದು ಆಕುದ್ರೆ ಏಟೆಲ್ಲಾ ಕೈಗೇ ಬತ್ತದೆ. ಮರ ನುಂಗ್ಕತದೆ. ಇದೂ ನುಂಗ್ಕೊಳೋ ಜಾತಿ. ನಾರಿದೆ ಒಳ್ಗೆ.”

“ಎಲ್ಲಾನೂ ನುಂಗೋದಿಲ್ಲ,” ಎಂದೆ ನಾನು.

“ಎಲ್ಲಾನೂ ಯಾವ್ದ್ ತಾನೇ ನುಂಗ್ತದೆ ಬುಡಿ,” ಎಂದು ಅವರು ನಕ್ಕರು.

ಮೊದಲ ಭಾನುವಾರವೇ ಅವಳು ನನ್ನ ಮುಂದೆ ಹೋದಳು. ಆಗಸ್ಟ್ ತಿಂಗಳು, ಸೊಪ್ಪು ಹದ ಮಾಡುವ ಬ್ಯಾರನ್ ಮನೆಗಳಲ್ಲಿ ಹೊಗೆಸೊಪ್ಪು ಬೇಯುವ ವಾಸನೆ ದಾರಿಯುದ್ದಕ್ಕೂ. ಹಾರನಹಳ್ಳಿಯ ಆಚೆಯ ಏರಿನಲ್ಲಿ ಅವಳ ಹಿಂದಿನ ಚಕ್ರ ನನ್ನಿಂದ ದೂರವಾಗುತ್ತಾ ಹೋಗುವುದನ್ನು ನೋಡಿದೆ. ಮೇಲೆ ಹೋಗಿ, ಒಂದು ಹುಣಸೆಮರದ ಕೆಳಗೆ ಕಾಲೂರಿ ನನಗಾಗಿ ಕಾಯುತ್ತಿದ್ದಳು. ನಾನು ಏದುಸಿರು ಬಿಡುತ್ತಾ ಹತ್ತಿರ ಬಂದಾಗ ನೀರಿನ ಬಾಟಲು ಚಾಚಿ ಹೇಳಿದಳು: “ಅಕ್ಕಾ, ಕೈಗೆ ಏನೂ ಗೊತ್ತೇ ಆಗಲ್ಲ ಕಣಕ್ಕಾ. ಬೆಣ್ಣೆ ಮೇಲೆ ಓದಂಗಾಯ್ತದೆ.”

ಆ ‘ಬೆಣ್ಣೆ’ ನನ್ನ ಹೊಟ್ಟೆಯಲ್ಲಿ ವಾರವಿಡೀ ಉರಿಯಿತು.

ನಾನು ಓದತೊಡಗಿದೆ. ಮೊಬೈಲಿನಲ್ಲಿ ಸಿಕ್ಕ ಸಿಕ್ಕದ್ದನ್ನೆಲ್ಲ. ಸ್ಟೀಲು ಸ್ವಲ್ಪ ಬಾಗಿಕೊಡುತ್ತದೆ, ಅಲ್ಯೂಮಿನಿಯಂ ಕೊಳವೆ ದಪ್ಪವಾಗಿ, ಬಿಗಿಯಾಗಿ ಇರುವುದರಿಂದ ನಡುಕವನ್ನು ನೇರವಾಗಿ ದಾಟಿಸುತ್ತದೆ, ಕಾರ್ಬನ್ನಿನ ನಾರುಗಳನ್ನು ಬೇಕಾದ ದಿಕ್ಕಿಗೆ ಹಾಸಿ ಹದ ಮಾಡಬಹುದು. ಇದೆಲ್ಲ ಓದಿದಷ್ಟೂ ನನಗೆ ಸಮಾಧಾನ. ಮುಂದೆ ಹೋಗುತ್ತಿರುವುದು ಅವಳಲ್ಲ, ಅವಳ ಚೌಕಟ್ಟು. ಆ ವಾದವನ್ನು ಸಾಬೀತು ಮಾಡಬೇಕೆಂದೇ ಒಂದು ಭಾನುವಾರ ಕೇಳಿದೆ: “ಇವತ್ತು ಅದಲು ಬದಲು ಮಾಡ್ಕೊಳ್ಳೋಣ್ವಾ? ಸುಮ್ನೆ ಪರೀಕ್ಷೆಗೆ.”

“ಅರೆ, ಅದ್ಕೇನಕ್ಕಾ, ತಗೊಳಿ,” ಎಂದು ಅಲ್ಲೇ ಇಳಿದು ಕೊಟ್ಟಳು. ಸೀಟು ಎತ್ತರ ಮಾಡಿಕೊಂಡು ಹತ್ತಿದೆ.

ಅವಳು ಹೇಳಿದ್ದು ನಿಜ. ಅದೇ ಮಣ್ಣಿನ ಅಲೆಗಳು ಕಾಲಿನ ಕೆಳಗೆ ಕಾಣುತ್ತಿದ್ದವು, ಆದರೆ ಕೈಗೆ ಬರುವಾಗ ಅವುಗಳ ಮೊನೆ ಮುರಿದಿತ್ತು. ಸಣ್ಣ ನಡುಕ, ಆ ಜುಂ ಎನ್ನುವುದು, ಎಲ್ಲಿಯೋ ನಡುವೆ ಕಳೆದುಹೋಗುತ್ತಿತ್ತು. ದೊಡ್ಡ ಗುಂಡಿಗಳು ಮಾತ್ರ ಗುಂಡಿಗಳಾಗಿಯೇ ಬಂದವು. ನಾನು ಸಂತೋಷದಿಂದ ತುಳಿದೆ. ಏರು ಶುರುವಾಯಿತು. ಪಕ್ಕದಲ್ಲಿ ಗಡಗಡ ಸದ್ದು ಕೇಳಿಸಿತು. ನನ್ನದೇ ಸೈಕಲ್ಲು. ಅವಳು ಅದರ ಮೇಲೆ ಬಗ್ಗಿ ಕೂತು, ಒಂದೇ ಹದದಲ್ಲಿ ತುಳಿಯುತ್ತಾ ನನ್ನನ್ನು ದಾಟಿ ಹೋದಳು. ಮೇಲೆ ಸೇರಿದಾಗ ಅವಳ ಅಂಗೈ ಕೆಂಪಾಗಿತ್ತು. “ಅಕ್ಕಾ, ಇದ್ರಲ್ಲಿ ಎಂಗ್ ಓಡ್ಸ್‌ತೀರಿ ನೀವು ಅಷ್ಟ್ ದೂರ? ನಿಮ್ಗೆ ದೊಡ್ಡ ನಮಸ್ಕಾರ ಕಣಕ್ಕಾ,” ಎಂದಳು. ಹೊಗಳಿದ್ದಳು. ನನಗೆ ಅವಳ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು.

ಅಲ್ಲಿಯವರೆಗೆ ನನ್ನ ಹೊಟ್ಟೆಕಿಚ್ಚಿಗೆ ಒಂದು ನೆಪವಿತ್ತು. ಆವತ್ತು ಅದೂ ಹೋಯಿತು.

ಆ ಪರೀಕ್ಷೆಯ ಹುಚ್ಚಿನಲ್ಲಿಯೇ ನನಗೆ ಇನ್ನೊಂದು ಸಂಗತಿ ಗೊತ್ತಾಗಿತ್ತು. ಹ್ಯಾಂಡಲ್ಲಿಗೆ ಫೋನು ಕಟ್ಟಿ, ನಡುಕದ ಗೆರೆ ಬರೆಯುವ ಒಂದು ಆ್ಯಪ್ ಹಾಕಿಕೊಂಡು ಒಂದೇ ದಾರಿಯಲ್ಲಿ ಹತ್ತು ಸಲ ಓಡಾಡಿದ್ದೆ. ಅವಳ ಸೈಕಲ್ಲನ್ನು ಇನ್ನೊಂದು ಸಲ ಕೇಳಿ ಪಡೆದು ಚೌಕಟ್ಟು ಬದಲಾಯಿಸಿದಾಗ ಗೆರೆ ಸ್ವಲ್ಪ ಕುಗ್ಗುತ್ತಿತ್ತು. ಟೈರಿನ ಗಾಳಿ ಇಳಿಸಿದರೆ ಅದಕ್ಕಿಂತ ಬಹಳ ಹೆಚ್ಚು ಕುಗ್ಗುತ್ತಿತ್ತು. ಗಾಳಿ ಬಿಗಿಯಾದರೆ ಯಾವ ಚೌಕಟ್ಟಾದರೂ ಗುದ್ದುತ್ತಿತ್ತು. ನೆಲಕ್ಕೆ ಮೊದಲು ತಗುಲುವುದು ರಬ್ಬರು, ಅದರೊಳಗಿನ ಗಾಳಿ. ಚೌಕಟ್ಟಿನ ಸರದಿ ಆಮೇಲೆ. ನನ್ನ ಟೈರುಗಳಲ್ಲಿ ಗಾಳಿ ತಗ್ಗಿಸಿದ ಮೇಲೆ ನನ್ನ ಬೆರಳ ಜೋಮು ಅರ್ಧ ಇಳಿಯಿತು. ಇದನ್ನು ಅವಳಿಗೆ ಹೇಳಲಿಲ್ಲ. ನನಗೆ ಆಗ ಬೇಕಾಗಿದ್ದದ್ದು ನನ್ನ ಕೈನೋವು ಹೋಗುವುದಲ್ಲ, ಅವಳ ಸುಖ ಹೋಗುವುದು.

ನವೆಂಬರಿನಲ್ಲಿ ನಾಲ್ಕು ತಾಲ್ಲೂಕಿನ ಸೈಕಲ್ ಹುಚ್ಚಿನವರು ಇಪ್ಪತ್ತು ಮಂದಿ ಎಚ್.ಡಿ. ಕೋಟೆಯಲ್ಲಿ ಸೇರಿದೆವು. ಅಲ್ಲಿಂದ ಬಂಡಿದಾರಿಗಳಲ್ಲಿ ಅಂತರಸಂತೆಯವರೆಗೆ ಹೋಗಿ, ಕಾಕನಕೋಟೆ ಕಾಡಿನ ಅಂಚು ಮುಟ್ಟುವ ಮೊದಲೇ ತಿರುಗಿ ಬರುವುದು. ಪಂದ್ಯವಲ್ಲ ಎಂದು ಎಲ್ಲರೂ ಹೇಳಿದರು. ಯಾರು ಮೊದಲು ಮುಟ್ಟುತ್ತಾರೆ ಎಂದು ಎಲ್ಲರೂ ನೋಡುತ್ತಿದ್ದರು.

ಹೊರಡುವ ಮೊದಲು ಗಾಳಿ ನೋಡುವುದು ಯಾವಾಗಲೂ ನನ್ನ ಕೆಲಸ. ಗಾಳಿಯ ಒತ್ತಡ ತೋರಿಸುವ ಗೇಜು ಇದ್ದ ಪಂಪು ನನ್ನದೇ. ಅವಳು ಹೆಲ್ಮೆಟ್ಟಿನ ಪಟ್ಟಿ ಕಟ್ಟಿಕೊಳ್ಳುತ್ತಾ, “ನಂದೂ ನೋಡ್ಬುಡಿ ಅಕ್ಕಾ,” ಎಂದು ಬಾಳೆಹಣ್ಣು ತರಲು ಹೋದಳು. ನಾನು ಮಂಡಿಯೂರಿ ಕೂತು ಮುಳ್ಳು ಇಪ್ಪತ್ತೆರಡಕ್ಕೆ ಬರುವುದನ್ನು ನೋಡಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಮೂವತ್ತು, ಮೂವತ್ತೈದು, ನಲವತ್ತೈದು. ಹಿಂದಿನದೂ ಹಾಗೆಯೇ. ಮುಚ್ಚಳ ತಿರುಗಿಸಿ ಎದ್ದು ನಿಂತಾಗ ಕೈ ನಡುಗುತ್ತಿರಲಿಲ್ಲ. ಅದನ್ನು ಬರೆಯಲೇಬೇಕು. ಕೈ ಒಂದಿಷ್ಟೂ ನಡುಗಲಿಲ್ಲ.

ಅವಳು ಮೊದಲ ಮೈಲಿಯಲ್ಲೇ ಹಿಂದೆ ಬಿದ್ದಳು. ಒಂದೆರಡು ಸಲ ತಿರುಗಿ ನೋಡಿದೆ. ಚಕ್ರಗಳು ಕಲ್ಲಿನಿಂದ ಕಲ್ಲಿಗೆ ಚೆಂಡಿನಂತೆ ಪುಟಿಯುತ್ತಿದ್ದವು, ಅವಳು ಬ್ರೇಕು ಹಿಡಿಯುತ್ತಾ ಬಿಡುತ್ತಾ ಬರುತ್ತಿದ್ದಳು. ಆಮೇಲೆ ನಾನು ತಿರುಗಿ ನೋಡಲಿಲ್ಲ. ಮೂರು ತಿಂಗಳ ಮೇಲೆ ಮುಂದೆ ದಾರಿ ಖಾಲಿಯಾಗಿತ್ತು, ಗಾಳಿ ಮುಖಕ್ಕೆ ಬಡಿಯುತ್ತಿತ್ತು, ನಾನು ಹಾಡಿಕೊಂಡಿದ್ದೆ ಎಂದು ನೆನಪು.

ಅವಳು ಅಂತರಸಂತೆಗೆ ಬಂದಾಗ ನಾನು ಎರಡನೇ ಲೋಟ ಟೀ ಕುಡಿಯುತ್ತಿದ್ದೆ. ಒಂದು ಮೋರಿಯ ತಿರುವಿನಲ್ಲಿ ಜಲ್ಲಿಕಲ್ಲಿನ ಮೇಲೆ ಮುಂದಿನ ಚಕ್ರ ಜಾರಿ ಬಿದ್ದಿದ್ದಳು. ಅಂಗಿಯ ಬಲತೋಳು ಹರಿದು, ಮೊಣಕೈ ತರಚಿ, ಅಂಗೈಯಲ್ಲಿ ಮಣ್ಣು ಅಂಟಿದ ರಕ್ತ. ನಾನೇ ನೀರು ಹಾಕಿ ತೊಳೆದೆ. ನನ್ನ ಚೀಲದಲ್ಲಿ ಶಾಲೆಯ ಪ್ರಥಮ ಚಿಕಿತ್ಸೆಯ ಡಬ್ಬಿ ಯಾವಾಗಲೂ ಇರುತ್ತದೆ. ಅವಳು ಹಲ್ಲು ಕಚ್ಚಿಕೊಂಡು ಹೇಳಿದಳು: “ಏನೋ ಆಗದೆ ಅಕ್ಕಾ ಇದಕ್ಕೆ. ಕಲ್ಲಿನ್ ಮೇಲೆ ಕೂತಂಗಿತ್ತು ಇವತ್ತು. ಒಳ್ಗೆ ಎಲ್ಲೋ ಸೀಳೋಗಿರ್ಬೇಕು. ನೀವು ಅವತ್ತೇ ಏಳಿದ್ರಿ.”

ನಾನು ಬ್ಯಾಂಡೇಜು ಸುತ್ತುತ್ತಾ, “ಇರಬಹುದು,” ಎಂದೆ.

ಅವಳ ಗಂಡ ಆ ಚೌಕಟ್ಟನ್ನು ದೀಪದ ಕೆಳಗಿಟ್ಟು ಇಂಚಿಂಚೂ ಹುಡುಕಿದರಂತೆ. ಸೀಳಿಲ್ಲ. ಗಾಯ ಮಾಯಿತು, ಆದರೆ ಅವಳಿಗೆ ಅದರ ಮೇಲಿನ ನಂಬಿಕೆ ಹೋಗಿತ್ತು. ಎರಡು ವಾರದ ಮೇಲೆ ತಾನೇ ಸೈಕಲ್ಲನ್ನು ತಳ್ಳಿಕೊಂಡು ನಮ್ಮ ಮನೆಗೆ ಬಂದಳು. “ಇದು ನಿಮ್ಮ ಅತ್ರ ಇರ್ಲಿ ಅಕ್ಕಾ. ನಿಮ್ಗೆ ಇದರ ಮರ್ಮ ಗೊತ್ತು. ನಿಮ್ ಬೆರಳು ಬೇರೆ ಜೋಮಿಡೀತದೆ. ನಿಮ್ದು ನಂಗ್ ಕೊಡಿ, ನಾನು ಇನ್ನೇನ್ ದೂರ ಓಯ್ತೀನಿ.”

ನಾನು ಬೇಡ ಎಂದೆ. ಎರಡು ಸಲ ಎಂದೆ. ಮೂರನೇ ಸಲ ಅವಳು ಹ್ಯಾಂಡಲ್ಲನ್ನು ನನ್ನ ಕೈಗೆ ಕೊಟ್ಟಾಗ ಹಿಡಿದುಕೊಂಡೆ.

ಅವಳು ಬೀದಿ ತಿರುಗಿದ ಮೇಲೆ ಗಾಳಿಯನ್ನು ಇಪ್ಪತ್ತೆರಡಕ್ಕೆ ಇಳಿಸಿದೆ.

ಆರೇಳು ವಾರ ಅದನ್ನು ಓಡಿಸಿದೆ. ಕೆ.ಆರ್. ನಗರದ ನಾಲೆಯ ಏರಿಗಳ ಮೇಲೆ, ಪಿರಿಯಾಪಟ್ಟಣದ ಕೊಡಗಿನ ಕಡೆಯ ದಿಬ್ಬಗಳಲ್ಲಿ. ಕೈಗಳು ಪೂರ್ತಿ ಸರಿಹೋದವು. ಬೇಕು ಬೇಕು ಎಂದುಕೊಂಡದ್ದು ನನ್ನ ಕೈಯಲ್ಲೇ ಇತ್ತು, ಆದರೆ ಸವಾರಿ ಮುಗಿದ ಮೇಲೆ ಅದನ್ನು ಒರೆಸಲು ಮನಸ್ಸಾಗುತ್ತಿರಲಿಲ್ಲ. ಕೆಸರು ಮೆತ್ತಿಕೊಂಡೇ ನಿಂತಿರುತ್ತಿತ್ತು. ಅವಳು ನನ್ನ ಅಲ್ಯೂಮಿನಿಯಂ ಸೈಕಲ್ಲಿಗೆ ಪಂಕ್ಚರ್ ಅಂಗಡಿಯಲ್ಲಿ ಲಾರಿಗೆ ಹಾಕುವ ಕಂಪ್ರೆಸರಿನಿಂದ ಕಲ್ಲಿನ ಹಾಗೆ ಗಾಳಿ ತುಂಬಿಸುತ್ತಿದ್ದಳು. ಅದನ್ನೂ ಕಂಡೆ. ಅದನ್ನೂ ಹೇಳಲಿಲ್ಲ.

ಜನವರಿಯಲ್ಲಿ ಕ್ರೀಡಾಕೂಟದ ಬಟ್ಟೆಯನ್ನು ಹೊಲಿಯಲು ಕೊಡಲು ಅವಳ ಅಂಗಡಿಗೆ ಹೋದೆ. ಮಧ್ಯಾಹ್ನದ ಹೊತ್ತು. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಒಂದು ಸಲ, ಎರಡು ಸಲ, ಐದು ಸಲ. ದಾರ ಬೆರಳಿನಿಂದ ಜಾರಿಹೋಗುತ್ತಿತ್ತು. ಆಮೇಲೆ ಸೂಜಿಯೇ ಬಿತ್ತು. ಅವಳು ನನ್ನನ್ನು ನೋಡಿ ನಾಚಿಕೆಯಿಂದ ನಕ್ಕಳು. “ಕಿರುಬೆರಳ್ ಇಂದ ಇಡ್ದು ಮರಗಟ್ಟೋಗದೆ ಅಕ್ಕಾ. ಪಕ್ಕದ್ಮನೆ ಅಜ್ಜಿ ಅತ್ರ ಪೋಣಿಸ್ಕೊಂಡ್ ಬತ್ತೀನಿ. ಕಣ್ ಕಾಣ್ದಿರೋ ಅಜ್ಜಿ!”

ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟು ನಿಂತಲ್ಲೇ ಹೇಳಿದೆ. “ಎಚ್.ಡಿ. ಕೋಟೆಗೆ ಹೋದ ದಿನ ನಿನ್ನ ಸೈಕಲ್ ಕೆಟ್ಟಿರಲಿಲ್ಲ. ಗಾಳಿ ಜಾಸ್ತಿ ಇತ್ತು. ನಾನು ಹಾಕಿದ್ದು.”

ಅವಳು ಬಗ್ಗಿ ಸೂಜಿ ಹುಡುಕುತ್ತಿದ್ದಳು. “ಗೊತ್ತಾಗ್ದಂಗೆ ಜಾಸ್ತಿ ಆಗೋಯ್ತಾ?”

ತಪ್ಪಿಸಿಕೊಳ್ಳಲು ಬಾಗಿಲು ತೆರೆದಿಟ್ಟಿದ್ದಳು. ಆ ಕ್ಷಣ ಹೌದೆಂದು ಹೇಳಬಹುದಿತ್ತು.

“ಇಲ್ಲ. ಬೇಕು ಅಂತಲೇ.”

ಅವಳು ನೆಟ್ಟಗಾದಳು. “ಯಾಕಕ್ಕಾ?”

“ಹೊಟ್ಟೆಕಿಚ್ಚು.”

“ಯಾರ್ ಮೇಲೆ? ನನ್ ಮೇಲಾ?” ಅವಳಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ನನ್ನ ಮುಖವನ್ನೇ ನೋಡಿದಳು, ಆಮೇಲೆ ತನ್ನ ಬಲಗೈಯನ್ನು. ಆಗ ದನಿ ಬದಲಾಯಿತು. “ಈ ಕೈ ಮುರ್ದೋಗಿದ್ರೆ? ಒಲಿಯೋ ಕೈ ಕಣ್ರೀ ಇದು! ನಾನು ಬಿದ್ದಾಗ ನೀವೇ ತೊಳುದ್ರಲ್ಲ, ಅವಾಗ್ಲಾದ್ರೂ ಬಾಯ್ ಬರ್ಲಿಲ್ವಾ?”

ನನಗೆ ಅಕ್ಕ ಹೋಗಿ ‘ರೀ’ ಬಂದದ್ದು ಮಾತ್ರ ಕೇಳಿಸಿತು.

ಅವಳು ಮೇಜಿನ ಮೇಲಿನ ಬಟ್ಟೆಯನ್ನು ಅಂಗೈಯಿಂದ ಸವರಿದಳು. “ಎಷ್ಟು ಹಾಕುದ್ರಿ?”

“ನಲವತ್ತೈದು.”

“ಎಷ್ಟಿರ್ಬೇಕು?”

“ನಿನ್ನ ತೂಕಕ್ಕೆ, ಆ ಟೈರಿಗೆ, ಇಪ್ಪತ್ತೆರಡು. ನನ್ನ ಸೈಕಲ್ಲಿಗೆ ಇಪ್ಪತ್ತೆಂಟು. ಅಂಗಡಿಯವನು ಕಂಪ್ರೆಸರಿನಲ್ಲಿ ತುಂಬ್ತಾನಲ್ಲ, ಅದು ಐವತ್ತರ ಮೇಲೆ. ನಿನ್ನ ಬೆರಳು ಮರಗಟ್ಟಿದ್ದು ಅದಕ್ಕೇ.”

ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಗೋಡೆಯ ಮೇಲೆ ‘೨೨’ ಎಂದು ದೊಡ್ಡದಾಗಿ ಬರೆದಳು. “ಸೈಕಲ್ ತಂದ್ ಬುಡಿ. ನಿಮ್ದು ತಗೊಂಡೋಗಿ. ಈ ಬಟ್ಟೆನೂ ತಗೊಂಡೋಗಿ.”

ಅವತ್ತು ಸಂಜೆಯೇ ಕೆಸರು ತೊಳೆದು ಕೊಟ್ಟುಬಂದೆ. ಅವಳ ಗಂಡ ಹೊರಗೆ ಬಂದು ಸೈಕಲ್ಲನ್ನು ತೆಗೆದುಕೊಂಡರು. ಕೂರಿ ಎನ್ನಲಿಲ್ಲ.

ಆಮೇಲೆ ಐದು ತಿಂಗಳು ನಾನು ಒಬ್ಬಳೇ ಹೋದೆ. ಅಲ್ಯೂಮಿನಿಯಂ ಸೈಕಲ್ಲಿಗೆ ಇನ್ನಷ್ಟು ಅಗಲದ ಟೈರು, ದಪ್ಪ ಹಿಡಿಗವಸು ಹಾಕಿಸಿದೆ. ನಡುಕ ಬಹುಮಟ್ಟಿಗೆ ಹೋಯಿತು. ಮೊದಲೇ ಹೀಗೆ ಮಾಡಿದ್ದರೆ ಸಾಕಿತ್ತು ಎಂದು ಯಾರಾದರೂ ಹೇಳಬಹುದು. ಸಾಕಾಗುತ್ತಿರಲಿಲ್ಲ. ನನ್ನನ್ನು ನಾನು ಬಲ್ಲೆ.

ಅವಳನ್ನು ಮತ್ತೆ ಕಂಡದ್ದು ಜೂನಿನಲ್ಲಿ, ಕೆ.ಆರ್. ನಗರದ ಹತ್ತಿರ ಗದ್ದೆಗಳ ನಡುವಿನ ನಾಲೆಯ ದಾರಿಯಲ್ಲಿ. ಅವಳ ಜೊತೆ ಇನ್ನೂ ನಾಲ್ಕು ಜನ ಹೆಂಗಸರಿದ್ದರು. ಇಬ್ಬರು ತಲೆಗೆ ಬಟ್ಟೆ ಕಟ್ಟಿದವರು, ಒಬ್ಬರು ಸೀರೆಯನ್ನು ಕಚ್ಚೆ ಹಾಕಿದವರು. ಎಲ್ಲರಿಗೂ ಅವಳೇ ಕಲಿಸಿದ್ದು ಎಂದು ಆಮೇಲೆ ತಿಳಿಯಿತು. ಮರದಡಿ ನಿಂತು ಒಬ್ಬೊಬ್ಬರ ಟೈರನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಅವಳ ಕೈಯಲ್ಲಿ ಗೇಜಿನ ಪಂಪಿತ್ತು, ಹೊಸದು. ನಾನು ದಾಟಿ ಹೋಗಬೇಕೆಂದಿದ್ದೆ. ಅವಳೇ ಕರೆದಳು.

“ಬೆರಳು ಎಂಗಿದಾವೆ?”

“ಪರವಾಗಿಲ್ಲ. ನಿಂದು?”

“ದಾರ ಪೋಣಿಸ್ತೀನಿ.” ಪಂಪನ್ನು ಚೀಲಕ್ಕೆ ಹಾಕುತ್ತಾ ಕೇಳಿದಳು: “ಹೊಟ್ಟೆ ಇನ್ನೂ ಉರೀತದಾ?”

ಆ ಹೆಂಗಸರು ಅವಳ ಸುತ್ತ ನಿಂತಿದ್ದ ರೀತಿ, ಅವರು ಅವಳನ್ನು ‘ಮೇಡಂ’ ಎಂದು ಕರೆದದ್ದು, ಎಲ್ಲವನ್ನೂ ನೋಡಿದ್ದೆ. “ಉರೀತದೆ,” ಎಂದೆ.

ಅವಳು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. “ಏಳ್ಬುಟ್ರಲ್ಲ, ಅಷ್ಟು ಸಾಕು. ನಮ್ ಗಾಳಿ ನಾವೇ ಆಕೊಂತೀವಿ. ಬರೋದಾದ್ರೆ ಹಿಂದೆ ಬನ್ನಿ, ಆ ಸೀರೆಯಮ್ಮ ಬ್ರೇಕ್ ಇಡಿಯೋದು ಇನ್ನೂ ಕಲ್ತಿಲ್ಲ.”

ಅವಳು ಮುಂದೆ ಹೋದಳು. ನಾಲೆಯ ಏರಿಯ ಮೇಲೆ ಆ ಕಪ್ಪು ಸೈಕಲ್ಲು ಸದ್ದಿಲ್ಲದೆ ಸಾಗಿ ಸಣ್ಣದಾಗುವುದನ್ನು ನೋಡಿದೆ, ಎದೆಯಲ್ಲಿ ಹಳೆಯ ಬಿಸಿ ಹಾಗೆಯೇ ಎದ್ದಿತು. ನಾನು ಸೀರೆಯಮ್ಮನ ಪಕ್ಕಕ್ಕೆ ಹೋಗಿ, “ಎರಡೂ ಬ್ರೇಕ್ ಒಟ್ಟಿಗೆ ಹಿಡೀಬೇಡಿ, ಹಿಂದಿನದು ಮೊದಲು,” ಎಂದು ಹೇಳತೊಡಗಿದೆ.